ಸಾಂಕ್ರಾಮಿಕದ ಕಾಲದಲ್ಲಿ ಮಕ್ಕಳು, ಹದಿಹರೆಯದವರು ಮತ್ತು ಹೆತ್ತವರ ಮಾನಸಿಕ ಆರೋಗ್ಯ

ಸಾಂಕ್ರಾಮಿಕ ರೋಗ ಹಬ್ಬಿದಾಗ ಸೋಂಕಿನ ಭಯ, ಆಪ್ತರ ಅಗಲಿಕೆ, ಶಾಲೆಗಳ ಮುಚ್ಚುಗಡೆ, ದುಡಿಮೆಯ ನಷ್ಟ ಮತ್ತು ಸಾವುಗಳು ಮಕ್ಕಳ, ಹದಿಹರೆಯದವರ ಹಾಗೂ ಅವರನ್ನು ಸಾಕುವ ಹಿರಿಯರ ಮನಸ್ಸಿನ ಮೇಲೆ ಉಂಟುಮಾಡುವ ಪರಿಣಾಮಗಳು ಮತ್ತು ಅವುಗಳ ಆರೈಕೆ ಈ ಲೇಖನದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ 10ರಿಂದ 19 ವರ್ಷದವರೆಗಿನದು ಹದಿಹರೆಯ. ಕೋವಿಡ್-19 ಮಕ್ಕಳ ದೇಹವನ್ನು ಹಿರಿಯರಷ್ಟು ಕಾಡಲಿಲ್ಲ. ಆದರೆ ರೋಗವನ್ನು ತಡೆಯಲು ಕೈಗೊಂಡ ಕ್ರಮಗಳ ಭಾರ ಅವರ ಮೇಲೆಯೇ ಹೆಚ್ಚಾಗಿ ಬಿತ್ತು. ಮಗುವಿನ ಮನಸ್ಸನ್ನು ಹೆತ್ತವರ ಮನಸ್ಸಿನಿಂದ, ಮನೆಯ ಸಂಪಾದನೆಯಿಂದ ಮತ್ತು ಶಾಲೆಯಿಂದ ಬೇರ್ಪಡಿಸಿ ನೋಡಲಾಗದು ಎಂಬುದು ಈ ಅವಧಿಯ ಅಧ್ಯಯನಗಳಿಂದ ಹೊರಟ ಮುಖ್ಯ ತಿಳಿವಳಿಕೆ. ಇಲ್ಲಿ ಕರ್ನಾಟಕದ, ಅದರಲ್ಲೂ ಮಂಗಳೂರು ಮತ್ತು ಕಾಸರಗೋಡು ಗಡಿನಾಡಿನ ಅನುಭವವನ್ನು ಮುಂದಿಟ್ಟುಕೊಂಡು ವಿಷಯವನ್ನು ವಿವರಿಸಲಾಗಿದೆ.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿತು. ಭಾರತದಲ್ಲಿ ಈ ರೋಗದಿಂದಾದ ಮೊದಲ ಸಾವು ಅದೇ ವಾರ ಕಲಬುರಗಿಯಿಂದ ವರದಿಯಾಯಿತು. ಮಾರ್ಚ್ 22ರಂದು ಜನತಾ ಕರ್ಫ್ಯೂ ನಡೆಯಿತು. 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದು ಹಂತಹಂತವಾಗಿ ಮೇ 31ರವರೆಗೆ ಮುಂದುವರಿಯಿತು. 2021ರ ಏಪ್ರಿಲ್–ಜೂನ್ ನಡುವಿನ ಎರಡನೆಯ ಅಲೆ ಅತಿ ಹೆಚ್ಚು ಜೀವಹಾನಿ ಮಾಡಿತು. 2022ರ ಆರಂಭದಲ್ಲಿ ಮೂರನೆಯ ಅಲೆ ಬಂದು ಬೇಗ ಇಳಿಯಿತು. ಜಾಗತಿಕ ತುರ್ತುಸ್ಥಿತಿ ಕೊನೆಗೊಂಡಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2023ರ ಮೇ 5ರಂದು.

ಪ್ರತ್ಯೇಕವಾಸ ಮಕ್ಕಳ ಮನಸ್ಸನ್ನು ಕದಡುತ್ತದೆಂಬುದು ಕೋವಿಡ್ ಬರುವ ಮೊದಲೇ ತಿಳಿದಿತ್ತು. ಸಾರ್ಸ್, ಎಚ್1ಎನ್1 ಮುಂತಾದ ರೋಗಗಳ ಹಿನ್ನೆಲೆಯಲ್ಲಿ ಸ್ಪ್ರ್ಯಾಂಗ್ ಮತ್ತು ಸಿಲ್ಮನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತ್ಯೇಕವಾಸಕ್ಕೆ ಒಳಗಾದ ಮಕ್ಕಳಲ್ಲಿ ಶೇ. 30ರಷ್ಟು ಮಂದಿಯಲ್ಲಿ, ಹೆತ್ತವರಲ್ಲಿ ಶೇ. 25ರಷ್ಟು ಮಂದಿಯಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳು ಕಂಡುಬಂದಿದ್ದವು. ಭಾರತದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತ್ತು. ಎಂದರೆ ನೆರವು ಬೇಕಾದ ಮಕ್ಕಳು ಮೊದಲೇ ಇದ್ದರು. ಅವರಿಗೆ ಬೇಕಾದಷ್ಟು ಮಕ್ಕಳ ಮನೋವೈದ್ಯರೂ ಆಪ್ತಸಮಾಲೋಚಕರೂ ಇರಲಿಲ್ಲ.

ಮನಸ್ಸು ಕದಡುವ ಕಾರಣಗಳು

ಮೊದಲನೆಯದು ಭಯ. ಟಿ.ವಿ.ಯಲ್ಲಿ ದಿನವಿಡೀ ಸಾವಿನ ಲೆಕ್ಕ, ಬೀದಿಯಲ್ಲಿ ಆಂಬುಲೆನ್ಸಿನ ಸದ್ದು, ಮುಖಗವಸು ತೊಟ್ಟ ಹಿರಿಯರ ಪಿಸುಮಾತು ಇವುಗಳ ನಡುವೆ ಅರೆಬರೆ ತಿಳಿದ ಮಗು ಉಳಿದದ್ದನ್ನು ಊಹಿಸಿಕೊಂಡು ಇನ್ನಷ್ಟು ಹೆದರುತ್ತದೆ. ಎರಡನೆಯದು ದಿನಚರಿಯ ಕುಸಿತ. ಏಳುವ, ಉಣ್ಣುವ, ಆಡುವ, ಮಲಗುವ ಹೊತ್ತು ತಪ್ಪಿದರೆ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟಲ್ಲಿ ಸಿಡುಕು, ಮಂಕು, ಏಕಾಗ್ರತೆಯ ಕೊರತೆ ಕಾಣಿಸಿಕೊಳ್ಳುತ್ತವೆ. ಮೂರನೆಯದು ಗೆಳೆಯರ ಸಂಗ ತಪ್ಪುವುದು. ಲೋಡ್ಸ್ ಮತ್ತು ಸಂಗಡಿಗರು 2020ರಲ್ಲಿ 63 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಒಂಟಿತನ ಎಷ್ಟು ತೀವ್ರವಾಗಿತ್ತು ಎಂಬುದಕ್ಕಿಂತ ಎಷ್ಟು ದೀರ್ಘವಾಗಿತ್ತು ಎಂಬುದೇ ಮುಂದಿನ ಖಿನ್ನತೆಗೆ ಹೆಚ್ಚು ನಿಕಟವಾಗಿ ತಳಕು ಹಾಕಿಕೊಂಡಿರುವುದು ಕಂಡುಬಂತು. ನಾಲ್ಕನೆಯದು ಮನೆಯ ಬಡತನ ಮತ್ತು ಜಗಳ. 2020ರ ಮಾರ್ಚ್ 20ರಿಂದ 31ರ ನಡುವೆ 1098 ಮಕ್ಕಳ ಸಹಾಯವಾಣಿಗೆ ದೇಶಾದ್ಯಂತ ಬಂದ ಸುಮಾರು 3 ಲಕ್ಷ ಕರೆಗಳಲ್ಲಿ 92,105 ಕರೆಗಳು ದೌರ್ಜನ್ಯ ಮತ್ತು ಹಿಂಸೆಯಿಂದ ರಕ್ಷಣೆ ಕೋರಿದವು. ಮನೆಯಲ್ಲಿರುವುದು ಎಲ್ಲ ಮಕ್ಕಳಿಗೂ ಸುರಕ್ಷಿತವಾಗಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಐದನೆಯ ಕಾರಣ ಕಳಂಕ. ಸೋಂಕು ತಗುಲಿದವರ ಮನೆಗೆ ಪಟ್ಟಿ ಕಟ್ಟಿ ಫಲಕ ಹಚ್ಚಿದಾಗ ಆ ಮನೆಯ ಮಕ್ಕಳೊಂದಿಗೆ ನೆರೆಯವರು ಮಾತು ಬಿಟ್ಟದ್ದುಂಟು. 2020ರ ಏಪ್ರಿಲ್‌ನಲ್ಲಿ ಸೋಂಕಿನಿಂದ ಮಂಗಳೂರಿನಲ್ಲಿ ತೀರಿಕೊಂಡ ಮಹಿಳೆಯೊಬ್ಬರ ಶವಸಂಸ್ಕಾರಕ್ಕೆ ಸ್ಥಳೀಯರ ವಿರೋಧ ಎದುರಾಗಿ, ಕೊನೆಗೆ ಬಂಟ್ವಾಳದಲ್ಲಿ ಅಂತ್ಯಕ್ರಿಯೆ ನಡೆಯಿತು. ಹೀಗೆ ದೂರವಿಡಲ್ಪಟ್ಟ ಕುಟುಂಬಗಳ ಮಕ್ಕಳಿಗೆ ಅಗಲಿಕೆಯ ದುಃಖದ ಜೊತೆಗೆ ಅವಮಾನವೂ ಸೇರಿಕೊಳ್ಳುತ್ತದೆ.

ಚಿಕ್ಕ ಮಕ್ಕಳಲ್ಲಿ

ಮಾತು ಸಾಲದ ವಯಸ್ಸಿನಲ್ಲಿ ನೋವು ನಡವಳಿಕೆಯಲ್ಲಿ ಹೊರಬರುತ್ತದೆ. ಅಮ್ಮನ ಸೆರಗು ಬಿಡದಿರುವುದು, ರಚ್ಚೆ ಹಿಡಿಯುವುದು, ಬಿಟ್ಟಿದ್ದ ಅಭ್ಯಾಸಕ್ಕೆ ಮರಳಿ ಹಾಸಿಗೆ ಒದ್ದೆ ಮಾಡುವುದು ಅಥವಾ ಬೆರಳು ಚೀಪುವುದು, ಕಾರಣವಿಲ್ಲದ ಹೊಟ್ಟೆನೋವು, ಕೆಟ್ಟ ಕನಸು, ಪದೇ ಪದೇ ಕೈ ತೊಳೆಯುವುದು ಸಾಮಾನ್ಯವಾಗಿ ಕಂಡ ಲಕ್ಷಣಗಳು. ಇಟಲಿ ಮತ್ತು ಸ್ಪೇನಿನ 1,143 ಹೆತ್ತವರನ್ನು ವಿಚಾರಿಸಿದ 2020ರ ಅಧ್ಯಯನದಲ್ಲಿ ಶೇ. 85.7ರಷ್ಟು ಮಂದಿ ತಮ್ಮ ಮಕ್ಕಳ ಭಾವನೆ ಮತ್ತು ವರ್ತನೆಯಲ್ಲಿ ಬದಲಾವಣೆ ಗುರುತಿಸಿದರು. ಚೀನಾದ ಹುಬೆ ಪ್ರಾಂತ್ಯದ ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಒಂದು ತಿಂಗಳ ಮನೆವಾಸದ ಬಳಿಕ ಶೇ. 22.6ರಷ್ಟು ಮಂದಿಯಲ್ಲಿ ಖಿನ್ನತೆಯ, ಶೇ. 18.9ರಷ್ಟು ಮಂದಿಯಲ್ಲಿ ಆತಂಕದ ಲಕ್ಷಣಗಳಿದ್ದವು.

ಆಟಿಸಂ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಪಾಡು ಇನ್ನೂ ಕಠಿಣ. ಇವರ ಬೆಳವಣಿಗೆ ನಿತ್ಯದ ತರಬೇತಿ ಮತ್ತು ಬದಲಾಗದ ದಿನಚರಿಯನ್ನು ಅವಲಂಬಿಸಿದೆ. ವಿಶೇಷ ಶಾಲೆಗಳೂ ಚಿಕಿತ್ಸಾ ಕೇಂದ್ರಗಳೂ ಮುಚ್ಚಿದಾಗ ವರ್ಷಗಟ್ಟಲೆ ಶ್ರಮಿಸಿ ಕಲಿಸಿದ ಕೌಶಲ ಕರಗತೊಡಗಿತು. ಆರೈಕೆಯ ಪೂರ್ಣ ಹೊಣೆ ತಾಯಂದಿರ ಮೇಲೆ ಬಿತ್ತು.

ಹದಿಹರೆಯದವರಲ್ಲಿ

ಮನೆಯಿಂದ ಹೊರಗೆ ತನ್ನದೊಂದು ಬಳಗ ಕಟ್ಟಿಕೊಳ್ಳುವ ವಯಸ್ಸಿನಲ್ಲಿ ಮನೆಯೊಳಗೇ ಉಳಿಯಬೇಕಾದದ್ದು ಹದಿಹರೆಯದವರ ಮುಖ್ಯ ಸಂಕಟ. ಪರೀಕ್ಷೆಯ ಅನಿಶ್ಚಿತತೆ ಅದನ್ನು ಹೆಚ್ಚಿಸಿತು. 2020ರ ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ರಂದು ಶುರುವಾಯಿತು. 8 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಮೂರು ತಿಂಗಳು ಇಂದೋ ನಾಳೆಯೋ ಎಂದು ಕಾದರು. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್‌ಎಸ್‌ಎಲ್‌ಸಿಯನ್ನು ಜುಲೈ 19 ಮತ್ತು 22ರಂದು ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ನಡೆಸಲಾಯಿತು.

ರೆಸಿನ್ ಮತ್ತು ಸಂಗಡಿಗರು 2021ರಲ್ಲಿ ಹಲವು ದೇಶಗಳ 29 ಅಧ್ಯಯನಗಳನ್ನು, ಒಟ್ಟು 80,879 ಮಕ್ಕಳು ಮತ್ತು ಹದಿಹರೆಯದವರ ಮಾಹಿತಿಯನ್ನು ಕ್ರೋಡೀಕರಿಸಿದರು. ಶೇ. 25.2ರಷ್ಟು ಮಂದಿಯಲ್ಲಿ ಖಿನ್ನತೆಯ, ಶೇ. 20.5ರಷ್ಟು ಮಂದಿಯಲ್ಲಿ ಆತಂಕದ ಗಣನೀಯ ಲಕ್ಷಣಗಳಿದ್ದವು. ಇದು ಸಾಂಕ್ರಾಮಿಕಕ್ಕೆ ಮುಂಚಿನ ಅಂದಾಜಿನ ಸುಮಾರು ಇಮ್ಮಡಿ. ವಯಸ್ಸು ಏರಿದಂತೆ ಖಿನ್ನತೆ ಹೆಚ್ಚಿತ್ತು, ಹುಡುಗಿಯರಲ್ಲಿ ಎರಡೂ ಹೆಚ್ಚಿದ್ದವು. ಹುಡುಗಿಯರಿಗೆ ಮನೆಗೆಲಸದ ಹೊರೆ, ಓದು ನಿಲ್ಲುವ ಭಯ, ಬಾಲ್ಯವಿವಾಹದ ಒತ್ತಡಗಳೂ ಇದ್ದವು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಅಂಶದಂತೆ ಭಾರತದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳ ಸಂಖ್ಯೆ 2019ರಲ್ಲಿ 10,335 ಇದ್ದುದು 2020ರಲ್ಲಿ 12,526ಕ್ಕೆ, 2021ರಲ್ಲಿ 13,089ಕ್ಕೆ ಏರಿತು. ಇವೆಲ್ಲಕ್ಕೂ ಸಾಂಕ್ರಾಮಿಕವೇ ಕಾರಣವೆನ್ನಲಾಗದು; ಪ್ರತಿಯೊಂದರ ಹಿಂದೆ ಹಲವು ಕಾರಣಗಳು ಹೆಣೆದುಕೊಂಡಿರುತ್ತವೆ. ಆದರೂ ಈ ಏರಿಕೆಯನ್ನು ಸಮಾಜ ಗಂಭೀರವಾಗಿ ಪರಿಗಣಿಸಲೇಬೇಕು.

ಮೊಬೈಲಿನ ಬಳಕೆ ಈ ವಯೋಮಾನದ ಇನ್ನೊಂದು ಪ್ರಶ್ನೆ. ಪಾಠವೂ ಗೆಳೆತನವೂ ಆಟವೂ ಒಂದೇ ಪರದೆಗೆ ಬಂದಾಗ ಮಿತಿ ಹಾಕುವುದು ಕಷ್ಟವಾಯಿತು. ತಂತ್ರಜ್ಞಾನದ ಅತಿ ಬಳಕೆಗೆಂದೇ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ಆರಂಭಿಸಿತ್ತು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೇ ಆವೃತ್ತಿಯಲ್ಲಿ ಗೇಮಿಂಗ್ ಗೀಳು ಒಂದು ಕಾಯಿಲೆಯಾಗಿ ಸೇರಿದೆ.

ಹೆತ್ತವರಲ್ಲಿ

ಮನೆಯೇ ಕಚೇರಿ, ಮನೆಯೇ ಶಾಲೆ, ಮನೆಯೇ ಆಸ್ಪತ್ರೆಯಾದಾಗ ಹೆತ್ತವರ ದಣಿವು ಎಲ್ಲೆ ಮೀರಿತು. ಅಮೆರಿಕದಲ್ಲಿ 2020ರ ಜೂನ್‌ನಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಶೇ. 27ರಷ್ಟು ಹೆತ್ತವರು ತಮ್ಮ ಮಾನಸಿಕ ಆರೋಗ್ಯ ಹದಗೆಟ್ಟಿದೆಯೆಂದರು, ಶೇ. 14ರಷ್ಟು ಮಂದಿ ಮಕ್ಕಳ ನಡವಳಿಕೆ ಹದಗೆಟ್ಟಿದೆಯೆಂದರು. ಹಲವು ಮನೆಗಳಲ್ಲಿ ಇವೆರಡೂ ಒಟ್ಟಿಗೇ ಕೆಟ್ಟಿದ್ದವು. ಸಂಬಳ ನಿಂತ ತಂದೆಯ ಮೌನ, ಮೂರು ಹೊತ್ತು ಅಡುಗೆ–ಪಾತ್ರೆ–ಪಾಠಗಳಲ್ಲಿ ಸವೆದ ತಾಯಿಯ ಸಿಡುಕು ಮಗುವನ್ನು ತಟ್ಟುತ್ತವೆ. ಮಗುವಿನ ಹಠ ಮತ್ತೆ ಅವರನ್ನು ಕಂಗೆಡಿಸುತ್ತದೆ. ಈ ಸುತ್ತನ್ನು ಮಗುವಿಗೆ ಬುದ್ಧಿ ಹೇಳಿ ಮುರಿಯಲಾಗದು. ಹಿರಿಯರಿಗೆ ವಿಶ್ರಾಂತಿ, ಆದಾಯದ ಭರವಸೆ ಮತ್ತು ಮಾತಿಗೊಬ್ಬರು ದೊರೆತಾಗ ಅದು ಸಡಿಲವಾಗುತ್ತದೆ.

ಬಸುರಿಯರು ಮತ್ತು ಬಾಣಂತಿಯರು ವಿಶೇಷ ಗಮನಕ್ಕೆ ಅರ್ಹರು. ತವರಿಗೆ ಹೋಗಲಾಗದೆ, ಬಾಣಂತನಕ್ಕೆ ತಾಯಿ ಬರಲಾಗದೆ, ಆಸ್ಪತ್ರೆಯಲ್ಲಿ ಸೋಂಕಿನ ಭಯದ ನಡುವೆ ಹೆತ್ತ ಮಹಿಳೆಯರಲ್ಲಿ ಆತಂಕ ಮತ್ತು ಪ್ರಸವೋತ್ತರ ಖಿನ್ನತೆಯ ಅಪಾಯ ಹೆಚ್ಚು. ಆಶಾ ಕಾರ್ಯಕರ್ತೆಯರು, ದಾದಿಯರು, ವೈದ್ಯರು, ಪೊಲೀಸರು ತಮ್ಮಿಂದ ಮಕ್ಕಳಿಗೆ ರೋಗ ತಗುಲೀತೆಂಬ ಅಂಜಿಕೆಯಲ್ಲೇ ಪ್ರತಿದಿನ ಮನೆ ಸೇರಿದರು.

ಮಂಗಳೂರು ಮತ್ತು ಗಡಿನಾಡು

ದಕ್ಷಿಣ ಕನ್ನಡದ ಮೊದಲ ಕೋವಿಡ್ ಪ್ರಕರಣ 2020ರ ಮಾರ್ಚ್ 22ರಂದು ದೃಢಪಟ್ಟಿತು. ದುಬೈನಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಭಟ್ಕಳದ ಯುವಕನದು ಅದು. ಅದೇ ವಾರ ಬಂಟ್ವಾಳ ತಾಲೂಕಿನ 10 ತಿಂಗಳ ಶಿಶುವಿನಲ್ಲಿ ಸೋಂಕು ಕಂಡುಬಂದು ಊರೇ ಸೀಲ್‌ಡೌನ್ ಆಯಿತು. ಮಗು ಬಳಿಕ ಗುಣವಾಯಿತು. 1848ರಲ್ಲಿ ಸ್ಥಾಪನೆಯಾದ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯನ್ನು ಕೋವಿಡ್‌ಗೆಂದೇ ಮೀಸಲಿಡಲಾಯಿತು.

ಉರ್ವ, ಲೇಡಿಹಿಲ್, ಬಳ್ಳಾಲ್‌ಬಾಗ್, ಕುದ್ರೋಳಿಗಳಿಗೆ ಹೊಂದಿಕೊಂಡಿರುವ ಮಣ್ಣಗುಡ್ಡದಂಥ ಬಡಾವಣೆಯನ್ನು ಗಮನಿಸಿದರೆ ಒಂದೇ ಲಾಕ್‌ಡೌನ್ ಬೇರೆ ಬೇರೆ ಮನೆಗಳಿಗೆ ಹೇಗೆ ಬೇರೆಯಾಗಿತ್ತೆಂಬುದು ತಿಳಿಯುತ್ತದೆ. ಇಲ್ಲಿ ಅಂಗಳವುಳ್ಳ ಹಂಚಿನ ಮನೆಗಳೂ ಬಹುಮಹಡಿ ಫ್ಲ್ಯಾಟುಗಳೂ ಅಕ್ಕಪಕ್ಕದಲ್ಲಿವೆ. ಅಂಗಳವಿದ್ದ ಮಗುವಿಗೆ ಓಡಾಡಲು ಜಾಗವಿತ್ತು. ಫ್ಲ್ಯಾಟಿನ ಮಗುವಿಗೆ ಬಾಲ್ಕನಿಯೇ ಹೊರಗು. ಸಮೀಪದ ಮಂಗಳಾ ಕ್ರೀಡಾಂಗಣಕ್ಕೂ ಪಾರ್ಕುಗಳಿಗೂ ಬೀಗ ಬಿದ್ದಿತ್ತು. ಏಪ್ರಿಲ್–ಮೇ ರಜೆಯಲ್ಲಿ ಅಜ್ಜಿಮನೆಗೆ ಹೋಗುವುದು ತಪ್ಪಿತು. ಕುದ್ರೋಳಿಯ ಮಂಗಳೂರು ದಸರಾ 2020ರಲ್ಲಿ ಸರಳವಾಗಿ ಮುಗಿಯಿತು. ಮೇ ಕೊನೆಯಲ್ಲಿ ಬರುವ ಪತ್ತನಾಜೆಯವರೆಗೆ ನಡೆಯಬೇಕಿದ್ದ ಯಕ್ಷಗಾನ ಮೇಳಗಳ ತಿರುಗಾಟ ಮಾರ್ಚ್‌ನಲ್ಲೇ ನಿಂತು ಕಲಾವಿದರ ಮನೆಗಳಲ್ಲಿ ಸಂಪಾದನೆ ಬತ್ತಿತು. ಬೀಡಿ ಕಟ್ಟುವ ಹೆಂಗಸರಿಗೂ ಮೀನುಗಾರರಿಗೂ ಕೆಲಸವಿಲ್ಲದಾಯಿತು.

ಕರಾವಳಿಯ ಬಹಳಷ್ಟು ಮಕ್ಕಳ ತಂದೆಯರು ಕೊಲ್ಲಿ ದೇಶಗಳಲ್ಲಿ ದುಡಿಯುವವರು. ವಿಮಾನಗಳು ನಿಂತಾಗ ಅವರು ಅಲ್ಲೇ ಸಿಕ್ಕಿಕೊಂಡರು. ವಿದೇಶದಲ್ಲಿ ಸಿಲುಕಿದವರನ್ನು ಕರೆತರುವ ವಂದೇ ಭಾರತ್ ಕಾರ್ಯಾಚರಣೆಯಡಿ ದುಬೈನಿಂದ ಮೊದಲ ವಿಮಾನ ಮಂಗಳೂರಿಗೆ ಬಂದದ್ದು 2020ರ ಮೇ 12ರಂದು. ಬಂದವರು ನೇರವಾಗಿ ಮನೆಗೆ ಹೋಗುವಂತಿರಲಿಲ್ಲ, ಕ್ವಾರಂಟೈನ್ ಮುಗಿಸಬೇಕಿತ್ತು. ಅದೇ ಊರಿನಲ್ಲಿದ್ದೂ ಅಪ್ಪನನ್ನು ಮುಟ್ಟಲಾಗದ ದಿನಗಳನ್ನು ಈ ಮಕ್ಕಳು ಕಳೆದರು.

ಕರ್ನಾಟಕ–ಕೇರಳ ನಡುವಿನ ತಲಪಾಡಿ ಗಡಿಯನ್ನು ಮುಚ್ಚಿದ್ದು ಕಾಸರಗೋಡಿನ ಕನ್ನಡಿಗರಿಗೆ ಮತ್ತೊಂದು ಪೆಟ್ಟು. ಚಿಕಿತ್ಸೆಗೂ ಓದಿಗೂ ಕೆಲಸಕ್ಕೂ ಮಂಗಳೂರನ್ನೇ ನೆಚ್ಚಿದ್ದ ಕುಟುಂಬಗಳಿಗೆ ಆಸ್ಪತ್ರೆಯ ದಾರಿಯೇ ಕಡಿಯಿತು. ವಿವಾದ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಗಡಿಯಾಚೆಯಿಂದ ಎಸ್‌ಎಸ್‌ಎಲ್‌ಸಿ ಬರೆಯಬೇಕಾದ ವಿದ್ಯಾರ್ಥಿಗಳಿಗೆ ತಲಪಾಡಿಯಿಂದ ಬಸ್ಸುಗಳ ಏರ್ಪಾಡು ಮಾಡಲಾಯಿತು.

ಶಾಲೆಯ ಪಾತ್ರ

ಕರ್ನಾಟಕದ ಪ್ರಾಥಮಿಕ ಶಾಲೆಗಳ ಕೆಳ ತರಗತಿಯ ಮಕ್ಕಳು 2020ರ ಮಾರ್ಚ್‌ನಿಂದ 2021ರ ಅಕ್ಟೋಬರ್ 25ರವರೆಗೆ, ಹೆಚ್ಚುಕಡಿಮೆ ಹತ್ತೊಂಬತ್ತು ತಿಂಗಳು, ತರಗತಿಯಲ್ಲಿ ಕೂರಲಿಲ್ಲ. ನಡುವೆ ನಾನಾ ಪ್ರಯತ್ನಗಳು ನಡೆದವು. 2020ರ ಜೂನ್‌ನಲ್ಲಿ ಸರ್ಕಾರ 5ನೇ ತರಗತಿಯವರೆಗೆ ಆನ್‌ಲೈನ್ ಪಾಠ ನಿಷೇಧಿಸಿತು. ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಆಗಸ್ಟಿನಲ್ಲಿ ಶುರುವಾದ ‘ವಿದ್ಯಾಗಮ’ದಡಿ ಶಿಕ್ಷಕರು ಮಕ್ಕಳಿದ್ದ ವಠಾರಗಳಿಗೇ ಹೋಗಿ ಮರದಡಿ, ಜಗಲಿಗಳಲ್ಲಿ ಕಲಿಸಿದರು, ಸೋಂಕು ಹರಡಿದ ಕಾರಣ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿ, 2021ರ ಜನವರಿ 1ರಿಂದ ಶಾಲಾ ಆವರಣದಲ್ಲಿ ಮುಂದುವರಿಸಲಾಯಿತು. 2021ರ ಆಗಸ್ಟ್ 23ರಂದು ರಾಜ್ಯದ ಬಹುಭಾಗದಲ್ಲಿ 9ನೇ ಮತ್ತು ಅದಕ್ಕಿಂತ ಮೇಲಿನ ತರಗತಿಗಳು ತೆರೆದಾಗ ಸೋಂಕಿನ ಪ್ರಮಾಣ ಶೇ. 2ನ್ನು ಮೀರಿದ್ದ ದಕ್ಷಿಣ ಕನ್ನಡ, ಉಡುಪಿ, ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಕ್ಕಳು ಇನ್ನೂ ಕಾಯಬೇಕಾಯಿತು.

ಆನ್‌ಲೈನ್ ಪಾಠ ಎಲ್ಲರಿಗೂ ಎಟುಕಲಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಬಳಿ ರಸ್ತೆಬದಿಯಲ್ಲಿ ಸುರಿಯುವ ಮಳೆಯಲ್ಲಿ ಮಗಳ ಆನ್‌ಲೈನ್ ತರಗತಿ ಮುಗಿಯುವ ತನಕ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರ ದೇಶದ ಗಮನ ಸೆಳೆಯಿತು. 2021ರ ಆಗಸ್ಟಿನಲ್ಲಿ ಕರ್ನಾಟಕ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಬಡ ಕುಟುಂಬಗಳ ನಡುವೆ ನಡೆದ ‘ಸ್ಕೂಲ್’ ಸಮೀಕ್ಷೆಯಲ್ಲಿ ಗ್ರಾಮೀಣ ಮಕ್ಕಳಲ್ಲಿ ಶೇ. 8, ನಗರದ ಮಕ್ಕಳಲ್ಲಿ ಶೇ. 24 ಮಾತ್ರ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದರು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ ಶೇ. 92ರಷ್ಟು ಮಂದಿ ಹಿಂದಿನ ವರ್ಷ ಕಲಿತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು, ಶೇ. 82ರಷ್ಟು ಮಂದಿ ಗಣಿತದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಕಲಿತದ್ದು ಮರೆತ ಮಗು ತಾನು ದಡ್ಡನೆಂದು ಭಾವಿಸಿಕೊಳ್ಳುತ್ತದೆ. ಕಲಿಕೆಯ ನಷ್ಟ ಆತ್ಮವಿಶ್ವಾಸದ ನಷ್ಟವೂ ಹೌದು.

ಬಿಸಿಯೂಟ, ಆಟ, ಗೆಳೆತನ ಮತ್ತು ಮಗುವಿನ ಮುಖ ನೋಡಿ ಏನೋ ಸರಿಯಿಲ್ಲವೆಂದು ಗುರುತಿಸುವ ಶಿಕ್ಷಕಿ ಇವೆಲ್ಲ ಸಿಗುವ ಜಾಗ ಶಾಲೆ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ನೇತೃತ್ವದ ತಜ್ಞರ ಸಮಿತಿ 2021ರ ಜೂನ್‌ನಲ್ಲಿ ಸರ್ಕಾರಕ್ಕೆ ನೀಡಿದ ವರದಿಯಲ್ಲಿ ಶಾಲೆ ತೆರೆಯುವುದರ ಪರವಾಗಿ ನಿಂತು, ಮುಚ್ಚಿಟ್ಟರೆ ಅಪೌಷ್ಟಿಕತೆ, ಬಾಲಕಾರ್ಮಿಕತನ, ಬಾಲ್ಯವಿವಾಹ ಹೆಚ್ಚುವ ಅಪಾಯವನ್ನು ಎತ್ತಿ ತೋರಿಸಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟ ‘ಓದುವ ಬೆಳಕು’ ಈ ಕಾಲದ ಒಳ್ಳೆಯ ಕೆಲಸಗಳಲ್ಲೊಂದು. 2022–23ನೇ ಸಾಲನ್ನು ‘ಕಲಿಕಾ ಚೇತರಿಕೆ’ ವರ್ಷವಾಗಿ ಆಚರಿಸಲಾಯಿತು.

ಹೆತ್ತವರನ್ನು ಕಳೆದುಕೊಂಡ ಮಕ್ಕಳು

2021ರ ಜುಲೈನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ ಅದೇ ವರ್ಷದ ಏಪ್ರಿಲ್ ವೇಳೆಗೆ ಜಗತ್ತಿನಲ್ಲಿ 15 ಲಕ್ಷಕ್ಕೂ ಹೆಚ್ಚು ಮಕ್ಕಳು ತಾಯಿ, ತಂದೆ ಅಥವಾ ಜೊತೆಗಿದ್ದು ಸಾಕುತ್ತಿದ್ದ ಅಜ್ಜ–ಅಜ್ಜಿಯನ್ನು ಕಳೆದುಕೊಂಡಿದ್ದರು. ಕೊನೆಯ ಬಾರಿ ಮುಖ ನೋಡಲೂ ಆಗದ, ಉತ್ತರಕ್ರಿಯೆಗೆ ಬಂಧುಗಳು ಸೇರಲಾಗದ ಸಾವನ್ನು ಮಗುವಿನ ಮನಸ್ಸು ಸುಲಭವಾಗಿ ನಂಬುವುದಿಲ್ಲ; ಶೋಕ ದೀರ್ಘವಾಗುತ್ತದೆ. 2021ರ ಮೇ ಅಂತ್ಯದಲ್ಲಿ ಕೇಂದ್ರ ಸರ್ಕಾರ ಪಿಎಂ ಕೇರ್ಸ್ ಮಕ್ಕಳ ಯೋಜನೆಯನ್ನು ಪ್ರಕಟಿಸಿ, ಮಗು 23 ವರ್ಷ ತಲಪಿದಾಗ 10 ಲಕ್ಷ ರೂಪಾಯಿ ನೀಡಲು ನಿರ್ಧರಿಸಿತು. ಕರ್ನಾಟಕದ ‘ಮುಖ್ಯಮಂತ್ರಿ ಬಾಲಸೇವಾ’ ಯೋಜನೆ ತಿಂಗಳಿಗೆ 3,500 ರೂಪಾಯಿ ನೆರವು ಕೊಟ್ಟಿತು. ಹಣದ ಜೊತೆಗೆ ವರ್ಷಗಟ್ಟಲೆ ಸಂಗಡವಿದ್ದು ಮಾತು ಕೇಳುವ ಒಬ್ಬ ಹಿರಿಯರೂ ಈ ಮಕ್ಕಳಿಗೆ ಬೇಕು.

ನೆರವಿನ ವ್ಯವಸ್ಥೆ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಕರ್ನಾಟಕದಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ರಾಜ್ಯದ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್‌ಗಳೂ ಹದಿಹರೆಯದವರಿಗಾಗಿ ‘ಸ್ನೇಹಾ’ ಕ್ಲಿನಿಕ್‌ಗಳೂ ಇವೆ. ಲಾಕ್‌ಡೌನ್ ಶುರುವಾದ ವಾರದಲ್ಲೇ ನಿಮ್ಹಾನ್ಸ್ ರಾಷ್ಟ್ರಮಟ್ಟದ ಸಹಾಯವಾಣಿ ತೆರೆಯಿತು. ಕೇಂದ್ರದ ಅಂದಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ 2020ರ ಜುಲೈ 21ರಂದು ವಿದ್ಯಾರ್ಥಿ, ಹೆತ್ತವರು ಮತ್ತು ಶಿಕ್ಷಕರಿಗಾಗಿ ‘ಮನೋದರ್ಪಣ’ ಎಂಬ ಮಾನಸಿಕ ನೆರವಿನ ಕಾರ್ಯಕ್ರಮ ಆರಂಭಿಸಿತು. 2022ರ ಅಕ್ಟೋಬರ್ 10ರಂದು ಶುರುವಾದ, ದೂರವಾಣಿಯಲ್ಲಿ ಆಪ್ತಸಮಾಲೋಚನೆ ನೀಡುವ ಟೆಲಿ ಮಾನಸ್ ಸೇವೆಯ ಮುಖ್ಯ ಕೇಂದ್ರವೂ ನಿಮ್ಹಾನ್ಸೇ. ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆಯಲ್ಲೂ ಫಾದರ್ ಮುಲ್ಲರ್ ಮೊದಲಾದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೂ ಮನೋವೈದ್ಯಕೀಯ ವಿಭಾಗಗಳಿವೆ. 1960ರಲ್ಲಿ ಆರಂಭವಾದ ರೋಶನಿ ನಿಲಯ ಸಮಾಜಕಾರ್ಯ ಶಿಕ್ಷಣ ನೀಡುತ್ತಿದೆ.

ಸೌಲಭ್ಯವಿದ್ದಲ್ಲೂ ಜನ ಬರಲು ಹಿಂಜರಿಯುತ್ತಾರೆ. ಯುನಿಸೆಫ್ ಮತ್ತು ಗ್ಯಾಲಪ್ 21 ದೇಶಗಳಲ್ಲಿ ನಡೆಸಿದ 2021ರ ಸಮೀಕ್ಷೆಯಲ್ಲಿ, ಮನಸ್ಸಿನ ತೊಂದರೆಗೆ ಇತರರ ನೆರವು ಪಡೆಯುವುದು ಒಳ್ಳೆಯದೆಂದು ಹೇಳಿದ 15–24 ವಯಸ್ಸಿನವರು ಸರಾಸರಿ ಶೇ. 83, ಭಾರತದಲ್ಲಿ ಶೇ. 41 ಮಾತ್ರ.

ಆರೈಕೆಯ ಕ್ರಮ

ಬಹುಪಾಲು ಮಕ್ಕಳಿಗೆ ಔಷಧ ಬೇಕಾಗುವುದಿಲ್ಲ. ವಯಸ್ಸಿಗೆ ತಕ್ಕಷ್ಟು ನಿಜ ಹೇಳುವುದು, ಪ್ರಶ್ನೆಗೆ ಗದರದೆ ಉತ್ತರಿಸುವುದು, ಊಟ–ಆಟ–ನಿದ್ದೆಯ ಹೊತ್ತು ಕಾಪಾಡುವುದು, ಸುದ್ದಿ ನೋಡುವುದಕ್ಕೆ ಮಿತಿ ಹಾಕುವುದು, ದೂರದ ಅಜ್ಜ–ಅಜ್ಜಿಯೊಂದಿಗೆ ಮಾತಾಡಿಸುವುದು, ಚಿಕ್ಕ ಮನೆಗೆಲಸದಲ್ಲಿ ಸೇರಿಸಿಕೊಳ್ಳುವುದು ಇವೇ ಮೊದಲ ಆರೈಕೆ. ಹದಿಹರೆಯದವರಿಗೆ ಮನೆಯಲ್ಲಿ ತಮ್ಮದೆನ್ನುವ ಹೊತ್ತು ಮತ್ತು ಮೂಲೆಯೊಂದು ಬೇಕು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಾನಸಿಕ ಪ್ರಥಮ ಚಿಕಿತ್ಸೆಯ ಹೆಜ್ಜೆಗಳು ಮೂರು: ಗಮನಿಸುವುದು, ಕೇಳಿಸಿಕೊಳ್ಳುವುದು, ನೆರವಿನೊಂದಿಗೆ ಜೋಡಿಸುವುದು. ಶಿಕ್ಷಕರೂ ಅಂಗನವಾಡಿ ಕಾರ್ಯಕರ್ತೆಯರೂ ಇವನ್ನು ಕಲಿಯಬಹುದು.

ದುಃಖ, ಭಯ, ನಿದ್ರಾಹೀನತೆ ಎರಡು ವಾರ ಮೀರಿದರೆ, ಊಟ–ಓದು–ಗೆಳೆತನ ಬಿಟ್ಟುಹೋದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತಾಡಿದರೆ ಅಥವಾ ಮೈಗೆ ಗಾಯ ಮಾಡಿಕೊಂಡರೆ ಅದೇ ದಿನ ನೆರವು ಪಡೆಯಬೇಕು. ಮಗುವನ್ನು ಒಂಟಿಯಾಗಿ ಬಿಡಬಾರದು. ಅರಿವು–ವರ್ತನಾ ಚಿಕಿತ್ಸೆ, ಕುಟುಂಬ ಚಿಕಿತ್ಸೆ, ಅಗತ್ಯವಿದ್ದಲ್ಲಿ ಔಷಧ ಪರಿಣಾಮಕಾರಿ.

ಅಧ್ಯಯನಗಳ ಮಿತಿ

ಈ ಕಾಲದ ಸಮೀಕ್ಷೆಗಳಲ್ಲಿ ಹೆಚ್ಚಿನವು ಇಂಟರ್ನೆಟ್ ಮೂಲಕ ನಡೆದವು. ಮೊಬೈಲ್ ಇಲ್ಲದ ಬಡ ಮಕ್ಕಳು ಅವುಗಳಲ್ಲಿ ಕಾಣುವುದಿಲ್ಲ. ಪ್ರಶ್ನಾವಳಿ ಗುರುತಿಸುವುದು ಲಕ್ಷಣಗಳನ್ನು. ರೋಗನಿರ್ಣಯ ವೈದ್ಯರ ಕೆಲಸ. ಎಲ್ಲ ಮಕ್ಕಳೂ ಕುಗ್ಗಲಿಲ್ಲ ಎಂಬುದನ್ನೂ ಮರೆಯಬಾರದು. ಶಾಲೆಯಲ್ಲಿ ಕಿರುಕುಳ ಅನುಭವಿಸುತ್ತಿದ್ದ ಕೆಲವರಿಗೆ ನೆಮ್ಮದಿ ಸಿಕ್ಕಿತು. ತಂದೆ–ತಾಯಿಯೊಂದಿಗೆ ಹೆಚ್ಚು ಹೊತ್ತು ದೊರೆತ ಮನೆಗಳಲ್ಲಿ ಬಾಂಧವ್ಯ ಗಟ್ಟಿಯಾಯಿತು. ವ್ಯತ್ಯಾಸ ಮಾಡಿದ್ದು ಬಹುಮಟ್ಟಿಗೆ ಮನೆಯ ಆದಾಯ, ಸ್ಥಳಾವಕಾಶ ಮತ್ತು ಹಿರಿಯರ ಸಮಾಧಾನ.

ಮುಂದಿನ ದಾರಿ

ಇನ್ನೊಂದು ಸಾಂಕ್ರಾಮಿಕ ಬಂದಾಗ ಶಾಲೆಗಳನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಿ ಎಲ್ಲಕ್ಕಿಂತ ಮೊದಲು ತೆರೆಯಬೇಕು. ದುಡಿಮೆ ಕಳೆದುಕೊಂಡ ಮನೆಗೆ ತಲಪುವ ಅಕ್ಕಿ ಮತ್ತು ಹಣವನ್ನು ಮಕ್ಕಳ ಮಾನಸಿಕ ಆರೋಗ್ಯ ಸೇವೆಯ ಭಾಗವೆಂದೇ ಎಣಿಸಬೇಕು. ಪ್ರತಿ ಶಾಲೆಗೂ ತರಬೇತಾದ ಆಪ್ತಸಮಾಲೋಚಕರೊಬ್ಬರು ಎಟುಕಬೇಕು. ತೊಂದರೆಯಲ್ಲಿರುವ ಮಕ್ಕಳು ಅಥವಾ ಅವರ ಪರವಾಗಿ ಯಾರೇ ಆದರೂ 1098ಕ್ಕೆ, ಮನಸ್ಸಿನ ಸಂಕಟಕ್ಕೆ ಯಾವ ವಯಸ್ಸಿನವರಾದರೂ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.